ಅಲಾಯಿ ಕುಣಿ ಎದುರಿನ ಆಟದ ಡಬ್ಬಿ

ಆಟದ ಡಬ್ಬಿ ಕೊಟ್ಟ ಶರಫುದ್ದೀನನಿಗೆ ಡಿಪಾಜಿಟ್ ಸಾವಿರದ ಐನೂರು. ಸೊಲ್ಲಾಪುರದಿಂದ ಡಬ್ಬಿಯನ್ನು ಟೆಂಪೊದಲ್ಲಿ ಹೇರಿಕೊಂಡು ಬರಲು ಇನ್ನೂರ ಇಪ್ಪತ್ತು, ಇಳಿಸಿದ ಹಮಾಲರಿಗೆ ಹದಿನಾರು. ಹೊಸ ವೈರು, ಸ್ವಿಚ್ಚು, ಅರ್ಥಿಂಗಿನ ಕೊಳವೆ, ಅದರ ಸುತ್ತ ಸುರಿಯಲು ಇದ್ದಿಲು, ಹರಳುಪ್ಪು ಎಲ್ಲಾ ಸೇರಿ ನೂರಾ ಐವತ್ತು. ಅರ್ಜಿಗೆ, ಸ್ಟಾಂಪಿಗೆ, ಟೈಪು ಮಾಡಿಸಲಿಕ್ಕೆ ನಲವತ್ತೆರಡು. ಕಲಬುರ್ಗಿಗೆ ಎರಡು ಸಲ ಹೋಗಿ ಬಂದ ಬಸ್ಸಿನ ಖರ್ಚು ಬೇರೆ. ಇಷ್ಟೆಲ್ಲ ಹೋದ ಮೇಲೂ ಡಬ್ಬಿ ಗುರುಬಾಯಿಯ ಅಂಗಡಿಯ ಮೂಲೆಯಲ್ಲಿ ಚಾದರ ಹೊದ್ದುಕೊಂಡು ನಿಂತಿತ್ತು. ಲೈಸೆನ್ಸ್ ಬಂದಿರಲಿಲ್ಲವಾದ್ದರಿಂದ ಒಂದು ರೂಪಾಯಿಯನ್ನೂ ದುಡಿದಿರಲಿಲ್ಲ.

ತೊಂಬತ್ತೊಂದನೆಯ ಇಸವಿಯ ಮೊದಲ ತಿಂಗಳುಗಳು, ತೊಗರಿ ರಾಶಿಯ ಹೊತ್ತು. ಅಫಜಲಪುರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗುರುಬಾಯಿಯದು ಬಾಡಿಗೆ ಸೈಕಲ್ ಅಂಗಡಿ. ಗಂಡ ಮಲ್ಕಪ್ಪ ತೀರಿಕೊಂಡಾಗ ಹನ್ನೆರಡು ಸೈಕಲ್, ಎರಡು ಪಂಪು, ಒಂದು ತಗಡಿನ ಕಪಾಟು ಬಿಟ್ಟು ಹೋಗಿದ್ದ. ಆಗ ಬೆಳಿಗ್ಗೆ ಅಂಗಡಿ ತೆರೆಯುವ ಮೊದಲೇ ಹಳ್ಳಿಗಳಿಂದ ಬಂದವರು ಕಟ್ಟೆಯ ಮೇಲೆ ಕೂತಿರುತ್ತಿದ್ದರು. ಈಗ ಕೈಯಲ್ಲಿ ನಾಲ್ಕು ಕಾಸು ಆಡುವವನೆಲ್ಲ ಲೂನಾ ಕೊಂಡಿದ್ದ. ಇಲ್ಲದವನು ಟೆಂಪೊದ ಹಿಂದೆ ಜೋತುಬಿದ್ದು ಹೋಗುತ್ತಿದ್ದ. ಹನ್ನೆರಡರಲ್ಲಿ ನಾಲ್ಕೈದು ಸೈಕಲ್ಲಿಗಷ್ಟೇ ಗಿರಾಕಿ. ಉಳಿದವು ಗೋಡೆಗೆ ಒರಗಿ ಧೂಳು ತಿನ್ನುತ್ತಿದ್ದವು.

ಗೊಬ್ಬೂರಿನಲ್ಲಿದ್ದ ಅವಳ ತಮ್ಮ ಪ್ರತಿ ಸಂತೆಗೂ ಬಂದು ಅಂಗಡಿ ಮುಚ್ಚಿ ನಮ್ಮ ಮನೆಗೆ ಬಂದು ಇದ್ದುಬಿಡು ಎಂದು ಕರೆಯುತ್ತಿದ್ದ. ಒಳ್ಳೆಯ ಮನುಷ್ಯ, ಮನಸಾರೆಯೇ ಕರೆಯುತ್ತಿದ್ದ. ತಮ್ಮನ ಮನೆಯ ರೊಟ್ಟಿಯೇನೂ ಕಹಿಯಲ್ಲ ಎಂಬುದು ಗುರುಬಾಯಿಗೆ ಗೊತ್ತು. ಆದರೆ ಆ ರೊಟ್ಟಿ ಎಷ್ಟು ಹೊತ್ತಿಗೆ, ಎಷ್ಟು ಎಂದು ಹೇಳುವವಳು ತಮ್ಮನ ಹೆಂಡತಿ. ಮೂವತ್ತು ವರ್ಷ ತನ್ನ ಒಲೆಯ ಮುಂದೆ ತಾನೇ ಕೂತವಳಿಗೆ ಅದು ಆಗದ ಮಾತು. ಯುಗಾದಿಯವರೆಗೆ ನೋಡುತ್ತೇನೆ, ಅಂಗಡಿ ನಡೆಯದಿದ್ದರೆ ಬರುತ್ತೇನೆ ಎಂದು ಬಾಯಿಮಾತಿಗೆ ಹೇಳಿ ಕಳಿಸಿದ್ದಳು. ಹೇಳಿದ ಮೇಲೆ ಆ ಮಾತು ಅವಳ ಎದೆಯ ಮೇಲೆ ಕೂತಿತ್ತು.

ಅಷ್ಟರಲ್ಲಿ ಸೊಲ್ಲಾಪುರದ ಶರಫುದ್ದೀನ ಬಂದ. ಸೈಕಲ್ ಟೈರು ಮಾರುತ್ತಿದ್ದವನು ಈಗ ಆಟದ ಡಬ್ಬಿಗಳನ್ನು ಊರೂರಿಗೆ ಹಂಚುತ್ತಿದ್ದ. ಆಳೆತ್ತರದ ಮರದ ಪೆಟ್ಟಿಗೆ, ಎದೆಮಟ್ಟದಲ್ಲಿ ಟೀವಿಯಂಥ ಗಾಜು, ಕೆಳಗೆ ಒಂದು ಹಿಡಿಕೆ, ಎರಡು ಗುಂಡಿ, ರೂಪಾಯಿ ಹಾಕುವ ತೂತು. ರೂಪಾಯಿ ಬಿದ್ದರೆ ಗಾಜಿನ ಮೇಲೆ ವಿಮಾನಗಳು ಬರುತ್ತವೆ, ಹೊಡೆಯಬೇಕು. ಮೂರು ಸಲ ಸತ್ತರೆ ಆಟ ಮುಗಿಯಿತು, ಮತ್ತೊಂದು ರೂಪಾಯಿ. ಬಂದದ್ದರಲ್ಲಿ ಅರ್ಧ ಅವನಿಗೆ, ಅರ್ಧ ಅಂಗಡಿಗೆ. ಗುರುಬಾಯಿಗೆ ಆಟ ತಿಳಿಯಲಿಲ್ಲ, ವ್ಯಾಪಾರ ಮಾತ್ರ ಕೂಡಲೇ ತಿಳಿಯಿತು. ಸೈಕಲ್ ಒಂದು ತಾಸು ಬಿಸಿಲಲ್ಲಿ ತಿರುಗಿ, ಟೈರು ಸವೆಸಿಕೊಂಡು, ಕೆಲವೊಮ್ಮೆ ಪಂಕ್ಚರ್ ಆಗಿ ಬಂದು ಒಂದು ರೂಪಾಯಿ ಕೊಡುತ್ತದೆ. ಈ ಡಬ್ಬಿ ನಿಂತಲ್ಲೇ ನಿಂತು ಐದು ನಿಮಿಷಕ್ಕೊಂದು ರೂಪಾಯಿ ಕೊಡುತ್ತದೆ. ಬಾಡಿಗೆಗೆ ಒಯ್ದವನು ಇದರ ಸಮೇತ ನಾಪತ್ತೆಯಾಗುವ ಭಯವೂ ಇಲ್ಲ.

ಆದರೆ ಲೈಸೆನ್ಸ್ ಇಲ್ಲದೆ ಡಬ್ಬಿಗೆ ಕರೆಂಟು ಕೊಡುವುದಿಲ್ಲವೆಂದು ಅವಳು ಮೊದಲ ದಿನವೇ ಹೇಳಿದ್ದಳು. ಆಳಂದದಲ್ಲಿ ಒಬ್ಬ ಪಾನ್ ಅಂಗಡಿಯವನು ಹಾಗೇ ಸುರು ಮಾಡಿ, ಎರಡು ವಾರ ಚೆನ್ನಾಗಿ ದುಡಿದು, ಮೂರನೆಯ ವಾರ ಡಬ್ಬಿಯನ್ನು ಠಾಣೆಯ ವರಾಂಡಕ್ಕೆ ಕಳಿಸಿದ ಸುದ್ದಿ ಶರಫುದ್ದೀನನ ಬಾಯಿಂದಲೇ ಬಂದಿತ್ತು. ಹೆಂಗಸು ನಡೆಸುವ ಅಂಗಡಿ, ಅಲ್ಲಿ ಹುಡುಗರು ಗುಂಪುಗೂಡಿ ರೊಕ್ಕ ಹಾಕಿ ಆಡುವ ಡಬ್ಬಿ. ಕಾಗದ ಇಲ್ಲದೆ ನಿಂತರೆ ಯಾರು ಬೇಕಾದರೂ ಜೂಜು ಎಂದು ಹೆಸರಿಡಬಹುದು. ಗೋಡೆಗೆ ಲೈಸೆನ್ಸ್ ತೂಗಿದರೆ ಯಾರೂ ಮಾತಾಡುವ ಹಾಗಿಲ್ಲ.

ಈ ಕೆಲಸಕ್ಕೆ ತಾನಾಗಿಯೇ ಕೈಹಚ್ಚಿದವನು ದೌಲತರಾಯ. ತೊಗರಿ ವ್ಯಾಪಾರಿ, ಕಚೇರಿಗಳ ಒಳಹೊರಗು ಬಲ್ಲವನು. ಅರ್ಜಿ ಬರೆಸಿಕೊಟ್ಟ, ಯಾವ ಟೇಬಲ್ಲಿಗೆ ಯಾವ ಹೊತ್ತಿಗೆ ಹೋಗಬೇಕೆಂದು ಹೇಳಿಕೊಟ್ಟ. ಒಂದು ಕಪ್ ಚಹಾ ಕೂಡ ಗುರುಬಾಯಿಯಿಂದ ಕುಡಿಸಿಕೊಳ್ಳಲಿಲ್ಲ. ಠಾಣೆಯಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ ಬಂತು. ಪಂಚಾಯತಿಯಿಂದಲೂ ಬಂತು. ಇನ್ನು ತಹಸೀಲ ಕಚೇರಿಯ ಕಂದಾಯ ನಿರೀಕ್ಷಕರು, ಗಿರದಾವರರು, ಬಂದು ಜಾಗ ನೋಡಿ ಬರೆಯುವುದೊಂದೇ ಬಾಕಿ. ಅಂಗಡಿಯಿಂದ ನೂರು ಮೀಟರಿನ ಒಳಗೆ ಶಾಲೆ ಇರಬಾರದು, ಪೂಜಾ ಸ್ಥಳ ಇರಬಾರದು. ಶಾಲೆ ದೂರವೇ ಇತ್ತು. ಗುಡಿ, ಮಸೀದಿ ಎರಡೂ ಊರ ಆ ಕಡೆಗೆ.

ಅಂಗಡಿಯ ಎದುರಿಗೆ ಒಂದು ಖುಲ್ಲಾ ಜಾಗ. ಪಂಚಾಯತಿಯದು. ಅದರ ನಡುವೆ ಅಲಾಯಿ ಕುಣಿ. ಮೊಹರಮ್ಮಿನಲ್ಲಿ ಪೀರಗಳು, ಅಂದರೆ ಲೋಹದ ಪಂಜಾಗಳು, ಕೂರುವ ಹತ್ತು ದಿನ ಅಲ್ಲಿ ಕುಣಿ ತೋಡಿ ಬೆಂಕಿ ಹಾಕುತ್ತಾರೆ, ಸುತ್ತಲೂ ಹೆಜ್ಜೆ ಹಾಕಿ ಹಾಡುತ್ತಾರೆ, ಕೊನೆಯ ದಿನ ಕೆಂಡ ಹಾಯುತ್ತಾರೆ. ಹಬ್ಬ ಮುಗಿದ ಮೇಲೆ ಮಣ್ಣು ಮುಚ್ಚಿ ನೆಲ ಸಮ ಮಾಡುತ್ತಾರೆ. ಪೀರಗಳು ಸಲಾವುದ್ದೀನನ ಮನೆಯ ಪೆಟ್ಟಿಗೆ ಸೇರುತ್ತವೆ. ಸಲಾವುದ್ದೀನ ಆ ಜಾಗದ ಆಚೆ ಬದಿಯ ದರ್ಜಿ, ಅಜ್ಜನ ಕಾಲದಿಂದ ಪೀರಗಳ ಪೂಜೆ ನೋಡಿಕೊಳ್ಳುವ ಮುಜಾವರಿಕೆ ಅವರ ಮನೆತನದ್ದು. ಕುಣಿಗೆ ಮೊದಲ ಗುದ್ದಲಿ ಹಾಕುವ ಹಕ್ಕು ಮಾತ್ರ ಮಲ್ಕಪ್ಪನ ಮನೆತನದ್ದು. ಮಲ್ಕಪ್ಪ ಸತ್ತ ವರ್ಷ ಹಕ್ಕು ಯಾರಿಗೆ ಎಂಬ ಮಾತು ಎದ್ದಾಗ ಸಲಾವುದ್ದೀನನ ತಂದೆ, ಮನೆಯ ಬಾಗಿಲು ತೆರೆದಿರುವ ತನಕ ಗುದ್ದಲಿ ಆ ಮನೆಯದೇ ಎಂದು ಒಂದೇ ಮಾತಿನಲ್ಲಿ ತೀರಿಸಿದ್ದರು. ಅಂದಿನಿಂದ ಗುರುಬಾಯಿ ಗುದ್ದಲಿಗೆ ವಿಭೂತಿ ಹಚ್ಚಿ ಮುಟ್ಟಿ ಕೊಡುತ್ತಾಳೆ. ಅದಾದ ಮೇಲೆ ಉಳಿದವರು ತೋಡುತ್ತಾರೆ.

ವರ್ಷದ ಉಳಿದ ದಿನಗಳಲ್ಲಿ ಅಲ್ಲಿ ನೋಡಲು ಏನೂ ಇಲ್ಲ. ಕಲ್ಲಿಲ್ಲ, ಕಟ್ಟೆಯಿಲ್ಲ, ನಿಶಾನೆ ಇಲ್ಲ, ಬರೀ ಮಣ್ಣು. ಹಾಗಾಗಿ ಅರ್ಜಿ ಬರೆಸುವಾಗ ಅದು ಯಾರ ನೆನಪಿಗೂ ಬಂದಿರಲಿಲ್ಲ, ಗುರುಬಾಯಿಯ ನೆನಪಿಗೂ.

ಗಿರದಾವರರು ಬಂದದ್ದು ಗುರುವಾರ. ಹಾಸನದ ಕಡೆಯವರು, ಈ ಸೀಮೆಗೆ ಬಂದು ಇನ್ನೂ ಮೂರು ತಿಂಗಳಾಗಿರಲಿಲ್ಲ. ಬಿಸಿಲಿಗೆ ತಲೆಯ ಮೇಲೆ ಕರವಸ್ತ್ರ ಹಾಕಿಕೊಂಡಿದ್ದರು. ಡಬ್ಬಿಯ ಚಾದರ ಎತ್ತಿ ನೋಡಿದರು, ವೈರು ನೋಡಿದರು, ಅರ್ಥಿಂಗ್ ಚೆನ್ನಾಗಿದೆ ಎಂದರು. ಶಾಲೆಯ ಕಡೆಗೆ ಅಳೆಯಲು ಟೇಪು ಬಿಚ್ಚಿ, ಅದರ ತುದಿಯನ್ನು ಜೊತೆಗೆ ಬಂದ ತಳವಾರನ ಕೈಗೆ ಕೊಟ್ಟರು. ಅವನು ಊರವನೇ. ಟೇಪು ಹಿಡಿದು ಖುಲ್ಲಾ ಜಾಗದಲ್ಲಿ ನೆಟ್ಟಗೆ ಹೊರಟವನು ನಡುವಿಗೆ ಬಂದದ್ದೇ ಬಲಕ್ಕೆ ಸರಿದು, ಕಣ್ಣಿಗೆ ಕಾಣದ ಏನನ್ನೋ ಬಳಸಿಕೊಂಡು ಆಚೆ ಹೋದ. ಟೇಪು ಬಿಲ್ಲಿನ ಹಾಗೆ ಬಾಗಿ ನೆಲಕ್ಕೆ ಬಿತ್ತು.

ಯಾಕಪ್ಪಾ ಸೊಟ್ಟ ಹೋಗ್ತೀಯ, ನೇರ ಹೋಗು ಎಂದರು ಗಿರದಾವರರು. ತಳವಾರ ಹಿಂದೆ ಬಂದು ಮತ್ತೆ ಹೊರಟ. ಮತ್ತೆ ಅದೇ ಜಾಗಕ್ಕೆ ಬಂದು ಈ ಸಲ ಎಡಕ್ಕೆ ಬಳಸಿದ. ಹೀಗೆ ಹೋದರೆ ದಾರಿ ಹಸನಾಗಿದೆ ಎಂದು ಏನೋ ಗೊಣಗಿದ. ಗಿರದಾವರರಿಗೆ ನಗುವೂ ಬಂತು, ಬೇಸರವೂ ಬಂತು. ಬಿಡು, ನಾನೇ ಹೋಗುತ್ತೇನೆ ಎಂದು ಟೇಪು ಇಸಿದುಕೊಂಡು ನೇರ ನಡೆದರು. ನಡುವಿಗೆ ಬಂದು ಕಾಲೆತ್ತಿದ್ದರು.

"ಸಾಹೇಬ್ರ, ಅಲ್ಲಿ ಚಪ್ಪಲ್ ಕಾಲಾಗ ತುಳಿಬ್ಯಾಡ್ರಿ."

ಹೇಳಿದವಳು ಗುರುಬಾಯಿ. ಹೇಳುವ ಮೊದಲು ಯೋಚಿಸಿದ್ದರೆ ಹೇಳುತ್ತಿರಲಿಲ್ಲವೇನೋ. ಸೊಸೆಯಾಗಿ ಬಂದ ದಿನದಿಂದ ಎಷ್ಟೋ ಜನರಿಗೆ, ಬಾಡಿಗೆ ಸೈಕಲ್ ಹೊಸದಾಗಿ ಕಲಿಯುವವರಿಗೆ, ಸಂತೆಯ ದನಗಾರರಿಗೆ ಹೇಳಿ ಹೇಳಿ ಬಾಯಿಗೆ ರೂಢಿಯಾಗಿದ್ದ ಮಾತು. ಅದು ತಾನಾಗಿಯೇ ಹೊರಗೆ ಬಿತ್ತು. ಆಚೆ ಸಲಾವುದ್ದೀನನ ಹೊಲಿಗೆ ಮಷಿನ್ನಿನ ಸದ್ದು ನಿಂತಿತು. ಗಿರದಾವರರು ಎತ್ತಿದ ಕಾಲನ್ನು ಹಿಂದಕ್ಕೆ ಇಟ್ಟು, ಅಲ್ಲಿ ಏನಿದೆ ಎಂದು ಕೇಳಿದರು.

ಹಾವಿನ ಹುತ್ತ ಇತ್ತು ಎನ್ನಬಹುದಿತ್ತು, ನೀರಿನ ಪೈಪು ಎನ್ನಬಹುದಿತ್ತು. ಗುರುಬಾಯಿ ಅಲಾಯಿ ಕುಣಿ ಎಂದಳು. ಅದೇನೆಂದು ಕೇಳಿದಾಗ ವಿವರವಾಗಿಯೇ ಹೇಳಿದಳು, ಗುದ್ದಲಿಯ ವಿಷಯವೂ ಸೇರಿ.

ಗಿರದಾವರರು ಅಂಗಡಿಯ ನೆರಳಿಗೆ ಬಂದು ಕೂತು ನೀರು ಕುಡಿದರು. ಕೆಟ್ಟ ಮನುಷ್ಯರಲ್ಲ. ಅವರ ಮಾತು ಇಷ್ಟೇ: "ನನ್ನ ಕಣ್ಣಿಗೆ ಕಾಣ್ತಿರೋದು ಮಣ್ಣು. ಅದು ಪೂಜಾ ಸ್ಥಳ ಹೌದೋ ಅಲ್ವೋ ಅಂತ ನಾನು ಹೇಳೋಕಾಗಲ್ಲ, ಊರವರೇ ಹೇಳ್ಬೇಕು. ಅಲ್ಲ ಅಂತ ನೀವು ಬರೆದು ಕೊಟ್ರೆ ಸೋಮವಾರವೇ ಮುಂದೆ ಕಳಿಸ್ತೀನಿ. ಹೌದು ಅಂದ್ರೆ ಲೈಸೆನ್ಸ್ ಆಗಲ್ಲಮ್ಮ."

ಗುರುಬಾಯಿ ಆ ಮಧ್ಯಾಹ್ನ ಊಟ ಮಾಡಲಿಲ್ಲ. ಸಂಜೆ ದೌಲತರಾಯ ಬಂದ. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು, ಜೇಬಿನಲ್ಲಿ ಟೈಪು ಮಾಡಿಸಿದ ಕಾಗದವೂ ಇತ್ತು. ಇದಕ್ಕೊಂದು ಸಹಿ ಹಾಕಿದರೆ ಮುಗಿಯಿತು ಎಂದು ಕಟ್ಟೆಯ ಮೇಲೆ ಹರಡಿದ. ಗುರುಬಾಯಿ ನಿಧಾನವಾಗಿ ಓದಿದಳು. ಅಕ್ಷರಕ್ಕಿಂತ ಅಂಕಿ ಅವಳಿಗೆ ಬೇಗ ಹತ್ತುತ್ತಿತ್ತು. ಕಾಗದದಲ್ಲಿ ಒಂದು ನಂಬರು ಇತ್ತು, ಅದು ಅವಳ ಅಂಗಡಿಯದಲ್ಲ. ವರ್ಷ ವರ್ಷ ಕರ ಕಟ್ಟುವ ತನ್ನ ನಂಬರು ಅವಳಿಗೆ ಗೊತ್ತಿಲ್ಲವೇ?

"ಇದ್ಯಾವ ನಂಬರ ರೀ ರಾಯರ?"

"ಎದುರಿನ ಖುಲ್ಲಾ ಜಾಗದ್ದವಾ. ಕುಣಿ ಇರೂದು ಅಲ್ಲೇ ಅಲಾ."

ಅವನು ಮುಚ್ಚಿಡಲಿಲ್ಲ. ಆ ಜಾಗದ ಹಿಂದಿನ ಪ್ಲಾಟು ಅವನದು. ಮುಂದಿನ ಜಾಗವನ್ನು ಪಂಚಾಯತಿಯಿಂದ ಲೀಜಿಗೆ ಪಡೆದು ನಾಲ್ಕು ಮಳಿಗೆ ಕಟ್ಟಬೇಕೆಂದು ಎರಡು ವರ್ಷದ ಹಿಂದೆಯೇ ಅರ್ಜಿ ಹಾಕಿದ್ದ. ಅಲ್ಲಿ ಕುಣಿ ಇದೆಯಂತಲ್ಲ ಎಂದು ಯಾರೋ ಎತ್ತಿದ ಮಾತಿಗೆ ಅದು ನಿಂತಿತ್ತು. ಮಳಿಗೆ ಆದರೆ ಜನ ಬರುತ್ತಾರೆ, ಜನ ಬಂದರೆ ನಿನ್ನ ಡಬ್ಬಿಗೂ ಗಿರಾಕಿ, ಕುಣಿಯನ್ನು ಹಳ್ಳದ ಕಡೆಗೆ ಸರಿಸಿಕೊಂಡರಾಯಿತು, ಬೆಂಕಿಗೆ ಎಲ್ಲಿಯಾದರೇನು ಎಂದು ನಗುತ್ತ ಹೇಳಿದ. ಹೇಳಿ, ಸ್ವಲ್ಪ ಬಾಗಿ, ದನಿ ತಗ್ಗಿಸಿದ.

"ನಿನ್ನ ಮನಿ ಗುದ್ದಲಿ ಅದ. ನೀನೇ ಅಲ್ಲ ಅಂತ ಬರದ ಕೊಟ್ಟರ, ಹೌದು ಅನ್ನಾಕ ಊರಾಗ ಯಾರಿಗಿ ಬಾಯದ?"

ಒಂದು ಕಪ್ ಚಹಾವನ್ನೂ ಕುಡಿಯದೆ ಅವನು ಇಷ್ಟು ದಿನ ಓಡಾಡಿದ್ದು ಯಾಕೆಂದು ಗುರುಬಾಯಿಗೆ ಈಗ ತಿಳಿಯಿತು. ಸಿಟ್ಟು ಬರಲಿಲ್ಲ. ವ್ಯಾಪಾರಿ ವ್ಯಾಪಾರ ಮಾಡುತ್ತಾನೆ, ಅವಳೂ ಮಾಡುವವಳೇ. ಕಾಗದ ಇಲ್ಲೇ ಇರಲಿ, ನಾಳೆ ನಾಡಿದ್ದು ನೋಡುತ್ತೇನೆ ಎಂದಳು. ಚಹಾ ತರಿಸಿದಳು. ಈ ಸಲ ಅವನು ಕುಡಿದ.

ಮರುದಿನ ಶುಕ್ರವಾರ. ಮಧ್ಯಾಹ್ನದ ನಮಾಜು ಮುಗಿಸಿ ಬಂದ ಸಲಾವುದ್ದೀನನನ್ನು ಕರೆದು ಕಾಗದ ತೋರಿಸಿದಳು. ಅವನು ಕನ್ನಡಕ ಹಾಕಿಕೊಂಡು ಓದಿದ, ತೆಗೆದು ಒರೆಸಿಕೊಂಡ. ಅವನಿಗೆ ಗುರುಬಾಯಿಯ ತಮ್ಮನ ಮಾತೂ ಗೊತ್ತು, ಯುಗಾದಿಯ ಗಡುವೂ ಗೊತ್ತು. ಬಾನುಬಿ ಎಂಬ ಅವನ ಹೆಂಡತಿ ದಿನಕ್ಕೆರಡು ಸಲ ಬಂದು ಗುರುಬಾಯಿಯ ಜೊತೆ ಎಲೆ ಅಡಿಕೆ ಹಾಕುವವಳು. ಅವಳಿಗೆ ಗೊತ್ತಿದ್ದುದೆಲ್ಲ ಅವನಿಗೂ ಗೊತ್ತು.

"ಸಹಿ ಮಾಡ್ರಿ ಅಕ್ಕಾ," ಎಂದ. "ಪೀರ ಕಾಗದ ನೋಡಾಂಗಿಲ್ಲ, ಮನಸ ನೋಡ್ತದ."

"ಪೀರ ನೋಡಾಂಗಿಲ್ಲಪಾ. ದೌಲತರಾಯರು ನೋಡ್ತಾರ."

ಗುರುಬಾಯಿ ಮಳಿಗೆಯ ಸಂಗತಿಯನ್ನೂ ಹೇಳಿದಳು. ಕುಣಿ ಸರಿಸುವ ಮಾತು ಕೇಳಿ ಅವನ ಮುಖ ಇಳಿದಿತ್ತು. ಆದರೂ ಅವನು ಹಿಡಿದ ಮಾತು ಬಿಡಲಿಲ್ಲ.

"ಅಂಗಡಿ ಮುಚ್ಚಿ ನೀವು ಗೊಬ್ಬೂರಿಗಿ ಹೋದ್ರ ಗುದ್ದಲಿ ಮುಟ್ಟವ್ರು ಯಾರ್ರಿ? ಕುಣಿ ಇಲ್ಲೇ ಉಳದರೂ ನಿಮ್ಮ ಮನಿ ಬಾಗಿಲಾ ಮುಚ್ಚೇ ಇರ್ತದಲ್ಲ. ಮದಲ ನೀವು ಉಳೀರಿ. ಕುಣಿದು ನಾವು ನೋಡಕೋತೀವಿ."

ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಅವನು ಹೋದ ಮೇಲೆ ಕಪಾಟು ತೆರೆದು ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಇಟ್ಟಳು. ಯೋಚನೆ ಮಾಡಬೇಕಾದಾಗ ಅವಳು ಮಾಡುವ ಕೆಲಸ ಅದು. ಒಂದು ಸಹಿ ಹಾಕಿದರೆ ಡಬ್ಬಿಗೆ ಕರೆಂಟು, ಅಂಗಡಿಗೆ ಜನ, ತಮ್ಮನಿಗೆ ಜವಾಬು. ಹಾಕದಿದ್ದರೆ ಇವ್ಯಾವುವೂ ಇಲ್ಲ. ಇಷ್ಟು ಸುಲಭದ ಲೆಕ್ಕ ಯಾಕೆ ಕೂಡುತ್ತಿಲ್ಲ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ನಾಲ್ಕು ಮಳಿಗೆ ಎದ್ದ ಮೇಲೆ ಮೊಹರಮ್ಮಿನ ಮೊದಲ ದಿನ ಹಳ್ಳದ ದಂಡೆಯಲ್ಲಿ ನಿಂತು ಗುದ್ದಲಿ ಮುಟ್ಟಿ ಕೊಡುವುದನ್ನು ಊಹಿಸಿಕೊಂಡಳು. ಕೊಡುವಾಗ ಸಲಾವುದ್ದೀನನ ಮುಖ ನೋಡಬೇಕು. ಅವನು ಒಂದು ಮಾತೂ ಆಡುವುದಿಲ್ಲ ಎಂಬುದೇ ಕಷ್ಟ. ಡಬ್ಬಿಗೆ ಕೆಳಗೆ ಗಾಲಿಗಳಿದ್ದವು, ಎಲ್ಲಿಗೆ ಬೇಕಾದರೂ ದೂಡಿಕೊಂಡು ಹೋಗಬಹುದು. ಕುಣಿಗೆ ಇರಲಿಲ್ಲ.

ಹಾಗಾದರೆ ಸುಮ್ಮನೆ ಕಾಗದ ಹರಿದು ಹಾಕಿ ಅರ್ಜಿ ವಾಪಸು ತೆಗೆದುಕೊಂಡರೆ? ಅದನ್ನೂ ಯೋಚಿಸಿದಳು. ತೆಗೆದುಕೊಂಡರೆ ಡಬ್ಬಿಯೂ ಹೋಯಿತು, ಕುಣಿಯೂ ಇವತ್ತಲ್ಲ ನಾಳೆ ಹೋಯಿತು. ದೌಲತರಾಯ ಇನ್ನೊಬ್ಬರ ಸಹಿ ಹುಡುಕುತ್ತಾನೆ, ಸಿಗುತ್ತದೆ. ನಷ್ಟ ಮಾಡಿಕೊಳ್ಳುವುದೇ ಆದರೆ ಅದರಿಂದ ಏನಾದರೂ ಬರಬೇಕು. ಆಗ ಅವಳಿಗೆ ದಾರಿ ಕಂಡಿತು. ಕಂಡದ್ದೇ ಕಪಾಟು ಮುಚ್ಚಿ, ಕೈ ತೊಳೆದು, ಹಿಂದಿನ ದಿನದ ರೊಟ್ಟಿಯನ್ನು ಶೇಂಗಾ ಹಿಂಡಿಯ ಜೊತೆ ಹೊಟ್ಟೆ ತುಂಬ ತಿಂದಳು.

ಸೋಮವಾರ ತಹಸೀಲ ಕಚೇರಿಗೆ ಹೋದಾಗ ಗಿರದಾವರರು ಇವಳನ್ನು ನೋಡಿ ಕುರ್ಚಿ ತೋರಿಸಿದರು. ಗುರುಬಾಯಿ ದೌಲತರಾಯನ ಕಾಗದವನ್ನು ಟೇಬಲ್ಲಿನ ಮೇಲಿಟ್ಟಳು. ಸಹಿಯ ಜಾಗ ಖಾಲಿ ಇತ್ತು.

"ಈ ನಂಬರಿನ ಜಾಗದಾಗ ಅಲಾಯಿ ಕುಣಿ ಅದ ರೀ. ಅದು ಪೂಜಾ ಸ್ಥಳ. ಹಂಗಂತ ಬರಕೊಳ್ರಿ, ನಾ ಸಹಿ ಹಾಕ್ತೇನಿ."

ಲೈಸೆನ್ಸ್ ಸಿಗುವುದಿಲ್ಲ, ಗೊತ್ತಲ್ಲ ಎಂದು ಅವರು ಎರಡೆರಡು ಸಲ ಕೇಳಿದರು. ಗೊತ್ತು ಎಂದಳು. ಅರ್ಜಿ ತಿರಸ್ಕಾರ ಆದ ಪತ್ರ ತನಗೆ ಬೇಕು, ಯಾವ ಕಾರಣಕ್ಕೆ ತಿರಸ್ಕಾರ ಆಯಿತೆಂದು ಅದರಲ್ಲಿ ಜಾಗದ ನಂಬರಿನ ಸಮೇತ ಇರಬೇಕು, ಅದರ ಒಂದು ನಕಲು ಪಂಚಾಯತಿಗೂ ಹೋಗಬೇಕು ಎಂದಳು. ಗಿರದಾವರರು ಪೆನ್ನು ಹಿಡಿದವರು ಹಾಗೇ ಅವಳನ್ನು ನೋಡಿದರು.

"ಲೈಸೆನ್ಸ್ ಕೊಡಿ ಅಂತ ಜನ ಬರ್ತಾರೆ. ತಿರಸ್ಕಾರ ಮಾಡಿ, ಚೆನ್ನಾಗಿ ಮಾಡಿ ಅಂತ ಬಂದೋರು ನೀವೊಬ್ರೇ."

"ಖರ್ಚು ಮಾಡೇನಿ ಸಾಹೇಬ್ರ. ಏನರ ಒಂದು ಕಾಗದ ತಗೊಂಡ ಹೋಗಬೇಕಲ್ಲ."

ಅವರು ನಕ್ಕರು, ಬರೆದುಕೊಂಡರು. ಗುರುಬಾಯಿ ಸಹಿ ಹಾಕಿದಳು. ಮೂರು ವಾರದ ನಂತರ ಪತ್ರ ಬಂತು. ಅಂಗಡಿಯ ಎದುರಿನ ಇಂಥ ನಂಬರಿನ ಜಾಗದಲ್ಲಿ ಪರಂಪರೆಯಿಂದ ಬಂದ ಪೂಜಾ ಸ್ಥಳವಿರುವುದರಿಂದ ನಾಣ್ಯ ಹಾಕಿ ಆಡುವ ಯಂತ್ರಕ್ಕೆ ಅನುಮತಿ ಕೊಡಲಾಗದು ಎಂದಿತ್ತು, ಕೆಳಗೆ ಮೊಹರು. ನಕಲು ಪಂಚಾಯತಿಗೂ ಹೋಯಿತು. ಅಲ್ಲಿಯವರು ಅದನ್ನು ದೌಲತರಾಯನ ಲೀಜಿನ ಅರ್ಜಿಯ ಜೊತೆಗೆ ಸೇರಿಸಿ ಆ ಅರ್ಜಿಯನ್ನು ಮುಗಿಸಿದರು. ಗುದ್ದಲಿಯ ಮನೆಯವಳು ಸ್ವಂತ ಲಾಭ ಬಿಟ್ಟು ಬರೆದುಕೊಟ್ಟ ಮಾತು, ಅದನ್ನು ಸುಳ್ಳೆನ್ನುವುದು ದೌಲತರಾಯನಿಗೂ ಆಗಲಿಲ್ಲ. ಎರಡು ತಿಂಗಳು ಅವನು ಆ ಬೀದಿಯಲ್ಲಿ ಬರುವುದನ್ನು ಬಿಟ್ಟ. ಆಮೇಲೆ ಒಂದು ದಿನ ಅವನ ಲೂನಾದ ಹಿಂದಿನ ಗಾಲಿ ಬಸ್ ನಿಲ್ದಾಣದ ಹತ್ತಿರವೇ ಪಂಕ್ಚರ್ ಆಯಿತು. ದೂಡಿಕೊಂಡು ಗುರುಬಾಯಿಯ ಅಂಗಡಿಗೇ ಬಂದ. ಇಬ್ಬರೂ ಗಾಳಿಯ ಬಗ್ಗೆ, ಟ್ಯೂಬಿನ ಬಗ್ಗೆ ಮಾತಾಡಿದರು.

ಲೂನಾ ಪಂಕ್ಚರ್ ಹಾಕುವ ಸಾಮಾನನ್ನು ಆಗಲೇ ತರಿಸಿದ್ದಳು. ಊರೆಲ್ಲ ಲೂನಾ ಕೊಂಡದ್ದೇ ಅಂಗಡಿ ಹಾಳಾಗಲು ಕಾರಣವಾದರೆ, ಲೂನಾದ ಗಾಲಿಯೂ ಒಂದಲ್ಲ ಒಂದು ದಿನ ಗಾಳಿ ಬಿಡಲೇಬೇಕು ಎಂಬುದು ಅವಳಿಗೆ ಹೊಳೆದದ್ದು ಸ್ವಲ್ಪ ತಡವಾಗಿ. ಅದಕ್ಕೆ ಹಣ ಬೇಕೆಂದು ಏಳು ಸೈಕಲ್ಲುಗಳನ್ನು ನಿಂಬರ್ಗಾದ ಅಂಗಡಿಯವನಿಗೆ ಮಾರಿದಳು. ಯುಗಾದಿಗೆ ತಮ್ಮ ಬಂದಾಗ ಕೈಗೆ ಮಸಿ ಮೆತ್ತಿಕೊಂಡೇ ಹೋಳಿಗೆ ಬಡಿಸಿ ಕಳಿಸಿದಳು. ಅವನು ಆ ಮೇಲೆ ಕರೆಯಲಿಲ್ಲ.

ಡಬ್ಬಿಯನ್ನು ಶರಫುದ್ದೀನ ಜೇವರ್ಗಿಗೆ ಒಯ್ದ. ಅಲ್ಲಿನ ಒಂದು ಹೋಟೆಲಿಗೆ ಲೈಸೆನ್ಸ್ ಸಲೀಸಾಗಿ ಸಿಕ್ಕಿತು. ದಿನಕ್ಕೆ ಐವತ್ತು ಅರವತ್ತು ರೂಪಾಯಿ ದುಡಿಯುತ್ತದಂತೆ ಎಂದು ಅವನೇ ಬಂದು ಹೇಳಿದ. ಡಿಪಾಜಿಟ್ಟಿನಲ್ಲಿ ನಾಲ್ಕು ನೂರು ಹಿಡಿದುಕೊಂಡು ಉಳಿದದ್ದನ್ನು ಕೊಟ್ಟ. ಟೆಂಪೊ, ವೈರು, ಅರ್ಜಿಯ ಖರ್ಚೂ ಹೋಯಿತು, ಏಳು ಸೈಕಲ್ಲೂ ಹೋದವು. ಪಂಕ್ಚರಿನ ದುಡಿಮೆ ಡಬ್ಬಿಯ ದುಡಿಮೆಯ ಅರ್ಧಕ್ಕೂ ಬರಲಿಲ್ಲ, ಆದರೆ ಅಂಗಡಿ ಮುಚ್ಚಲಿಲ್ಲ. ಎದುರಿನ ಜಾಗದಲ್ಲಿ ಮಳಿಗೆ ಏಳಲಿಲ್ಲ. ಆ ವರ್ಷದ ಮೊಹರಮ್ಮಿನಲ್ಲಿ ಗುರುಬಾಯಿ ಗುದ್ದಲಿ ಮುಟ್ಟಿ ಕೊಟ್ಟಳು, ಕುಣಿಯನ್ನು ಇದ್ದ ಜಾಗದಲ್ಲಿಯೇ ತೋಡಿದರು.